ಆಪ್ ಶಾಪ್‌ನಲ್ಲಿ ಸಿಕ್ಕ ನಮಾಟ್ಜಿರಾ ಚಿತ್ರ: ಅಸಲಿಯೋ, ಅಚ್ಚೋ?

ಪ್ರಶ್ನೆ: ನಾವು ಹನ್ನೊಂದು ವರ್ಷದಿಂದ ಅಡಿಲೇಡ್‌ನಲ್ಲಿದ್ದೇವೆ. ಊರು ತೀರ್ಥಹಳ್ಳಿ ಹತ್ತಿರ. ಹೋದ ತಿಂಗಳು ಒಂದು ಆಪ್ ಶಾಪ್‌ನಲ್ಲಿ, ಅಂದ್ರೆ ಇಲ್ಲಿ ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ, 40 ಡಾಲರ್ ಕೊಟ್ಟು ಒಂದು ಚಿತ್ರ ತಂದೆ. ಮುಂದೆ ಬಿಳಿ ಕಾಂಡದ ಒಂದು ಮರ, ಹಿಂದೆ ನೇರಳೆ ಬೆಟ್ಟ, ನಡುವೆ ಕೆಂಪು ನೆಲ. ಬಲಗಡೆ ಕೆಳಗೆ ಸಹಿ ಇದೆ. 'ನಮಾಟ್ಜಿರಾ' ಅಂತ ಓದಬಹುದು, ಅಂದ್ರೆ ಇಲ್ಲಿನ ಹೆಸರಾಂತ ಮೂಲನಿವಾಸಿ ಚಿತ್ರಕಾರರ ಹೆಸರು. ಅದರ ಹಿಂದಿನ ಹೆಸರು ಮಸುಕಾಗಿದೆ. ಮನೆಗೆ ಬಂದ ಸ್ನೇಹಿತರೊಬ್ಬರು 'ಇದು ಲಕ್ಷಗಟ್ಟಲೆ ಬಾಳುತ್ತೆ, ಯಾರಿಗೂ ಹೇಳಬೇಡಿ' ಅಂದರು. ಇನ್ನೊಬ್ಬರು, 'ಇದು ಮೂಲನಿವಾಸಿಗಳ ಕಲೆಯೇ ಅಲ್ಲ, ಅದರಲ್ಲಿ ಚುಕ್ಕೆ ಇರಬೇಕು. ಆತ ಬಿಳಿಯರನ್ನು ನೋಡಿ ನಕಲು ಮಾಡಿದವನು, ಕುಡಿದು ಜೈಲಲ್ಲೇ ಸತ್ತ' ಅಂದರು. ಎಂಟನೇ ತರಗತಿಯ ಮಗಳು ಶಾಲೆಯಲ್ಲಿ ಇವರ ಬಗ್ಗೆಯೇ ಮಾತಾಡಬೇಕು ಅಂತಿದ್ದಳು. ಅದನ್ನು ಕೇಳಿ ಮುಖ ಸಣ್ಣ ಮಾಡಿಕೊಂಡಳು. ಇನ್ನೂ ಎರಡು ವಿಷಯ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಈ ಚಿತ್ರದ ಫೋಟೋ ಹಾಕಿ ಶುಭಾಶಯದ ಕಾರ್ಡ್ ಅಚ್ಚು ಹಾಕಿಸಿ ಮಾರೋಣ ಅಂತ ಯೋಚನೆ ಇದೆ. ಮುಂದಿನ ವರ್ಷ ಊರಿಗೆ ವಾಪಸ್ ಹೋಗುತ್ತಿದ್ದೇವೆ, ಚಿತ್ರವನ್ನು ಜೊತೆಗೆ ಒಯ್ಯಬಹುದಾ? ಸದ್ಯ ಹಾಲ್‌ನಲ್ಲಿ ಪಶ್ಚಿಮದ ಕಿಟಕಿ ಎದುರಿಗೆ ಹಾಕಿದ್ದೇವೆ. ಸಂಜೆ ಬಿಸಿಲಿಗೆ ಬೆಟ್ಟ ಹೊಳೆಯುತ್ತೆ.

ಉತ್ತರ: ಉಳಿದದ್ದೆಲ್ಲ ಆಮೇಲೆ. ಮೊದಲು ಆ ಚಿತ್ರವನ್ನು ಕಿಟಕಿ ಎದುರಿನಿಂದ ಇಳಿಸಿಬಿಡಿ. ಅಸಲಿಯಾದರೂ ಸರಿ, ಅಚ್ಚಾದರೂ ಸರಿ, ಸಂಜೆ ಬಿಸಿಲು ಅದನ್ನು ದಿನದಿನಕ್ಕೆ ತಿನ್ನುತ್ತಿದೆ. ಇಳಿಸಿ, ಗಾಜಿನ ಮುಖ ಒಳಗೋಡೆಗೆ ಮಾಡಿ ಒರಗಿಸಿಟ್ಟು ಬನ್ನಿ. ನಿಧಾನವಾಗಿ ಮಾತಾಡೋಣ.

ಕಾಗದದ ಮೇಲಿನ ಚಿತ್ರಗಳನ್ನು ಉಳಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಈ ಹೆಸರಿನ ಚಿತ್ರ ಹಿಡಿದುಕೊಂಡು ಬರುವವರನ್ನು ವರ್ಷಕ್ಕೆ ನಾಲ್ಕಾರು ಸಲವಾದರೂ ನೋಡುತ್ತೇನೆ. ಅಜ್ಜಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು, ಗ್ಯಾರೇಜಿನಲ್ಲಿ ಬಿದ್ದಿದ್ದು, ಹರಾಜಿನಲ್ಲಿ ಕೊಂಡಿದ್ದು. ಬರುವವರ ಮನಸ್ಸಲ್ಲಿ ನಿಮ್ಮ ಹಾಗೇ ಎರಡು ಪ್ರಶ್ನೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಈ ಹಾಳೆ ಅಸಲಿಯಾ ಅನ್ನುವುದು ಒಂದು. ಈ ಮನುಷ್ಯ ಅಸಲಿಯಾ ಅನ್ನುವುದು ಇನ್ನೊಂದು. ಎರಡನೆಯದರಿಂದ ಶುರು ಮಾಡುತ್ತೇನೆ. ಮಗಳಿಗೆ ಬೇಕಾಗಿರುವುದು ಅದು.

ಆಲ್ಬರ್ಟ್ ನಮಾಟ್ಜಿರಾ ಹುಟ್ಟಿದ್ದು 1902ರ ಜುಲೈ 28ರಂದು, ಆಸ್ಟ್ರೇಲಿಯಾದ ನಟ್ಟ ನಡುವಿನ ಹರ್ಮನ್ಸ್‌ಬರ್ಗ್‌ನಲ್ಲಿ. ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 125 ಕಿಲೋಮೀಟರ್. ಫಿಂಕ್ ನದಿ ದಡದಲ್ಲಿ ಲೂಥರನ್ ಪಾದ್ರಿಗಳು 1877ರಲ್ಲಿ ಕಟ್ಟಿದ ಮಿಷನ್ ಅದು. ಅಪ್ಪ ಅಮ್ಮ ಇಟ್ಟ ಹೆಸರು ಎಲಿಯಾ. ದೀಕ್ಷಾಸ್ನಾನ ಆದ ಮೇಲೆ ಆಲ್ಬರ್ಟ್ ಆಯಿತು. ಇವರು ಪಶ್ಚಿಮ ಅರಂಟೆ ಎಂಬ ಮೂಲನಿವಾಸಿ ಜನ. ಮಿಷನ್ ಶಾಲೆಯಲ್ಲಿ ಬೈಬಲ್ ಕಲಿತರು. ಹದಿಮೂರರ ವಯಸ್ಸಿನಲ್ಲಿ ಹಿರಿಯರು ಕಾಡಿಗೆ ಕರೆದೊಯ್ದು ಆರು ತಿಂಗಳು ತಮ್ಮ ನೆಲದ ಕಥೆ, ಕಟ್ಟಳೆ ಹೇಳಿಕೊಟ್ಟರು. ಎರಡನ್ನೂ ಅವರು ಕೊನೆಯವರೆಗೆ ಬಿಡಲಿಲ್ಲ. ಹದಿನೆಂಟರ ಸುಮಾರಿಗೆ ಇಲ್ಕಲಿಟಾ ಎಂಬ ಹುಡುಗಿಯನ್ನು ಮದುವೆಯಾದರು. ಮದುವೆಗೆ ಕೂಡಿಬರದ ಬಳಗದವಳು. ನಮ್ಮಲ್ಲಿ ಸಗೋತ್ರ ಅಂದರೆ ಮನೆಮಂದಿ ಹೇಗೆ ಉರಿದುಬೀಳುತ್ತಾರೋ ಹಾಗೆ ಅಲ್ಲೂ ಆಯಿತು. ಕೆಲವು ವರ್ಷ ಊರ ಹೊರಗೇ ಇದ್ದು, ಒಂಟೆ ನಡೆಸಿಕೊಂಡು ಬದುಕಿದರು. ಆ ದಾರಿಗಳಲ್ಲೇ ಬೆಟ್ಟ, ಕಣಿವೆ, ನೀರಿನ ಗುಂಡಿ ಎಲ್ಲ ಕಾಲಿಗೆ ಪರಿಚಯವಾದವು.

'ಯಾರ ಹತ್ತಿರವೂ ಕಲಿಯದೆ ತಾನೇ ಕಲಿತವರು' ಅಂತ ಇವರ ಬಗ್ಗೆ ಬರೆಯುತ್ತಾರೆ. ಅದು ಮುಕ್ಕಾಲು ನಿಜ. ಕಲಾಶಾಲೆಯ ಮೆಟ್ಟಿಲು ಹತ್ತಲಿಲ್ಲ. ಕಮ್ಮಾರಿಕೆ, ಬಡಗಿ ಕೆಲಸ, ದನ ಕಾಯುವುದು, ಕುರಿ ಉಣ್ಣೆ ಕತ್ತರಿಸುವುದು ಎಲ್ಲ ಮಾಡಿದರು. ಮಿಷನ್‌ನಲ್ಲಿ ಮಾರಾಟಕ್ಕೆಂದು ಮಲ್ಗಾ ಮರದ ಹಲಗೆ, ಬೂಮರಾಂಗ್ ಮೇಲೆ ಕಾದ ಕಬ್ಬಿಣದಿಂದ ಸುಟ್ಟು ಚಿತ್ರ ಬಿಡಿಸುತ್ತಿದ್ದರು. ಸುಟ್ಟ ಗೆರೆಯನ್ನು ಅಳಿಸಲಿಕ್ಕೆ ಆಗುವುದಿಲ್ಲ, ಅಲ್ವಾ? ಜಲವರ್ಣವೂ ಹೆಚ್ಚುಕಡಿಮೆ ಹಾಗೇ. ಒಮ್ಮೆ ಹಚ್ಚಿದರೆ ಮುಗಿಯಿತು. ಕೈಗೆ ಆ ಧೈರ್ಯ ಮೊದಲೇ ಬಂದಿತ್ತು ಅಂತ ನನಗೆ ಅನ್ನಿಸುತ್ತದೆ.

1934ರಲ್ಲಿ ರೆಕ್ಸ್ ಬ್ಯಾಟರ್‌ಬಿ ಮತ್ತು ಜಾನ್ ಗಾರ್ಡ್‌ನರ್ ಎಂಬ ಇಬ್ಬರು ಚಿತ್ರಕಾರರು ಮಿಷನ್‌ನಲ್ಲೇ ತಮ್ಮ ಜಲವರ್ಣ ಚಿತ್ರಗಳನ್ನು ಇಟ್ಟು ತೋರಿಸಿದರು. ತಾನು ದಿನಾ ನೋಡುವ ಬೆಟ್ಟಗಳು ಕಾಗದದ ಮೇಲೆ ಬಂದಿದ್ದನ್ನು ಆಲ್ಬರ್ಟ್ ಅಲ್ಲಿ ನೋಡಿದರು. 1936ರಲ್ಲಿ ಬ್ಯಾಟರ್‌ಬಿ ಮತ್ತೆ ಬಂದಾಗ ಒಂದು ಒಪ್ಪಂದ ಆಯಿತು. ಇವರು ಒಂಟೆ ನಡೆಸಬೇಕು, ದಾರಿ ತೋರಿಸಬೇಕು. ಅವರು ಚಿತ್ರ ಹೇಳಿಕೊಡಬೇಕು. ಪಾಮ್ ವ್ಯಾಲಿ ಕಡೆಗೆ ಒಂದು ತಿರುಗಾಟ, ಮ್ಯಾಕ್‌ಡೊನೆಲ್ ಬೆಟ್ಟಸಾಲಿಗೆ ಇನ್ನೊಂದು. ಎಲ್ಲ ಸೇರಿ ಎರಡು ತಿಂಗಳು. ಅವರು ಪಡೆದ ಪಾಠ ಅಷ್ಟೇ. ಮರುವರ್ಷ ಬ್ಯಾಟರ್‌ಬಿ ಅಡಿಲೇಡ್‌ನ ತಮ್ಮ ಪ್ರದರ್ಶನದಲ್ಲಿ ಶಿಷ್ಯನ ಮೂರು ಚಿತ್ರ ಸೇರಿಸಿದರು. 1938ರಲ್ಲಿ ಮೆಲ್ಬರ್ನ್‌ನಲ್ಲಿ ಆಲ್ಬರ್ಟ್ ಒಬ್ಬರದೇ ಪ್ರದರ್ಶನ ನಡೆಯಿತು. 41 ಚಿತ್ರ ಇಟ್ಟಿದ್ದರು, ಮೂರು ದಿನದೊಳಗೆ ಎಲ್ಲ ಮಾರಾಟವಾದವು. 1939ರಲ್ಲಿ ನಿಮ್ಮ ಊರಿನ ಆರ್ಟ್ ಗ್ಯಾಲರಿ ಆಫ್ ಸೌತ್ ಆಸ್ಟ್ರೇಲಿಯಾ ಅವರ ಹಾಸ್ಟ್ಸ್ ಬ್ಲಫ್ ಬೆಟ್ಟದ ಚಿತ್ರವನ್ನು ಕೊಂಡಿತು.

ಈಗ 'ನಕಲು' ಅನ್ನುವ ಮಾತಿಗೆ ಬರೋಣ. ಇದು ನಿಮ್ಮ ಸ್ನೇಹಿತರು ಹುಟ್ಟಿಸಿದ್ದಲ್ಲ. ಆ ಕಾಲದ ಕೆಲವು ಕಲಾ ವಿಮರ್ಶಕರೂ ಹೀಗೇ ಮೂಗು ಮುರಿದಿದ್ದರು. ಯುರೋಪಿನ ವಿಧಾನ, ಯುರೋಪಿನ ಬಣ್ಣ, ಇದರಲ್ಲಿ ಇವನದೇನಿದೆ ಅಂತ. ಆದರೆ ಅವರು ಬರೆದದ್ದು ಏನನ್ನು ಅಂತ ನೋಡಿ. ಸುಂದರವಾಗಿ ಕಂಡ ಯಾವುದೋ ಜಾಗಕ್ಕೆ ಹೋಗಿ ಕೂತವರಲ್ಲ ಅವರು. ಅಪ್ಪನ ಕಡೆಯಿಂದ, ಅಮ್ಮನ ಕಡೆಯಿಂದ ತನಗೆ ಬಂದ ನೆಲವನ್ನು ಬರೆದರು. ಅರಂಟೆ ಜನರಿಗೆ ಆ ಬೆಟ್ಟ ಬರೀ ಕಲ್ಲಲ್ಲ. ಪೂರ್ವಿಕರು ನಡೆದ ದಾರಿ, ಮಲಗಿದ ಜಾಗ. ಯಾವ ಕಥೆ ಯಾರು ಹೇಳಬಹುದು ಅನ್ನುವುದಕ್ಕೂ ಅಲ್ಲಿ ಕಟ್ಟಳೆ ಇದೆ. ಆಲ್ಬರ್ಟ್ ಆ ಕಥೆಗಳನ್ನು ಬಿಚ್ಚಿಡದೆ ಜಾಗವನ್ನು ಮಾತ್ರ ತೋರಿಸಿದರು. ನೋಡುವವರಿಗೆ ಅದು ಪ್ರಕೃತಿ ಚಿತ್ರ. ಅವರ ಮನೆಯವರಿಗೆ ಗೊತ್ತಿತ್ತು, ಯಾವ ಬೆಟ್ಟ, ಯಾರದು ಅಂತ. ನಮ್ಮೂರಿನ ದೈವದ ಕಲ್ಲನ್ನು ಪಟ್ಟಣದವರು ಬಂದು ಬರೀ ಬಂಡೆ ಅಂತ ಫೋಟೋ ತೆಗೆದುಕೊಂಡು ಹೋಗುವುದಿಲ್ವಾ, ಹಾಗೆ.

ಚುಕ್ಕೆಯ ಮಾತು ಬೇಗ ಮುಗಿಯುತ್ತದೆ. ಇವತ್ತು ನಾವು ನೋಡುವ ಚುಕ್ಕೆ ಚಿತ್ರಗಳ ಪದ್ಧತಿ ಶುರುವಾದದ್ದು 1971ರಲ್ಲಿ, ಪಪುನ್ಯಾ ಎಂಬ ನೆಲೆಯಲ್ಲಿ. ಆಗ ಆಲ್ಬರ್ಟ್ ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು. ಅವರ ಚಿತ್ರದಲ್ಲಿ ಚುಕ್ಕೆ ಹುಡುಕುವುದೇ ತಪ್ಪು. ಆ ನೇರಳೆ ಬಣ್ಣ ಸುಳ್ಳು ಅನ್ನುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು, ಒಂದು ಸಲ ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಹೋಗಿ ಗ್ಲೆನ್ ಹೆಲೆನ್ ಹತ್ತಿರ ಬೆಳಗಿನ ಜಾವ ನಿಂತು ನೋಡಿ. ಬಂಡೆಯಲ್ಲಿ ಕಬ್ಬಿಣದ ತುಕ್ಕು ಇರುವುದರಿಂದ ಹತ್ತಿರದ ಕಲ್ಲು ಕೆಂಪು. ದೂರದ ಬೆಟ್ಟಕ್ಕೂ ನಮಗೂ ನಡುವಿನ ಗಾಳಿ ನೀಲಿ ಬೆರೆಸುತ್ತದೆ. ಕೆಂಪಿಗೆ ನೀಲಿ ಸೇರಿದರೆ ನೇರಳೆಯಲ್ಲದೆ ಇನ್ನೇನು? ಮೌಂಟ್ ಸೋಂಡರ್ ಅನ್ನುವ ಬೆಟ್ಟ ಮಲಗಿದ ಹೆಂಗಸಿನ ಹಾಗೆ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ಸೂರ್ಯ ಹುಟ್ಟಿ ಹತ್ತು ನಿಮಿಷದೊಳಗೆ ಅದು ಮೂರು ಬಣ್ಣ ಬದಲಿಸಿತು. ಅಲ್ಲಿಯವರೆಗೆ ಆ ಬಣ್ಣಗಳನ್ನು ಕಾಗದದ ಮೇಲೆ ಮಾತ್ರ ನೋಡಿದ್ದೆ.

'ಕುಡಿದು ಜೈಲಲ್ಲಿ ಸತ್ತ' ಅನ್ನುವುದಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಇದು ಸುಳ್ಳು. ಅದರ ಹಿಂದಿನ ನಿಜ ಇನ್ನೂ ಕಹಿ.

1940ರ ದಶಕದ ಹೊತ್ತಿಗೆ ಆಲ್ಬರ್ಟ್ ದೇಶಕ್ಕೆಲ್ಲ ಗೊತ್ತಿದ್ದರು. 1953ರಲ್ಲಿ ರಾಣಿಯ ಪಟ್ಟಾಭಿಷೇಕದ ಪದಕ ಬಂತು. 1954ರಲ್ಲಿ ಕ್ಯಾನ್‌ಬೆರಾದಲ್ಲಿ ರಾಣಿಯನ್ನೇ ಕಂಡರು. ಆದರೆ ದುಡಿದ ಹಣದಲ್ಲಿ ದನ ಸಾಕಲು ಹುಲ್ಲುಗಾವಲು ಗುತ್ತಿಗೆ ಕೇಳಿದರೆ ಸರ್ಕಾರ ಕೊಡಲಿಲ್ಲ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟುತ್ತೇನೆ ಅಂದರು, ಮೂಲನಿವಾಸಿಗೆ ಅದೂ ಆಗಲ್ಲ ಅಂದರು. ಊರ ಹೊರಗೆ ಮಾರಿಸ್ ಸೋಕ್ ಎಂಬ ಒಣಹಳ್ಳದ ಬಳಿ ಬಿಡಾರದಲ್ಲಿ ಇದ್ದರು. ಗೋಡೆಗೋಡೆಯಲ್ಲಿ ಅವರ ಚಿತ್ರ ತೂಗುತ್ತಿದ್ದ ದೇಶದಲ್ಲಿ ಅವರಿಗೆ ಒಂದು ಗೋಡೆ ಇರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

1957ರಲ್ಲಿ ಅವರಿಗೂ ಹೆಂಡತಿಗೂ 'ಪೌರತ್ವ ಸಿಕ್ಕಿತು' ಅಂತ ಎಲ್ಲ ಕಡೆ ಓದುತ್ತೀರಿ. ಮಗಳು ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಲಿ. ಕಾಗದದ ಮೇಲೆ 1949ರಿಂದಲೇ ಮೂಲನಿವಾಸಿಗಳೂ ಆಸ್ಟ್ರೇಲಿಯಾದ ಪ್ರಜೆಗಳು. ಆದರೆ ಆಲಿಸ್ ಸ್ಪ್ರಿಂಗ್ಸ್ ಇರುವ ನಾರ್ದರ್ನ್ ಟೆರಿಟರಿಯಲ್ಲಿ ಒಂದು ಕಾನೂನು ತಂದು 15,000ಕ್ಕೂ ಹೆಚ್ಚು ಜನರ ಹೆಸರನ್ನು 'ವಾರ್ಡ್' ಪಟ್ಟಿಗೆ ಸೇರಿಸಿದರು. ವಾರ್ಡ್ ಅಂದರೆ ದೊಡ್ಡವರಾದರೂ ಕಾನೂನಿನ ಕಣ್ಣಲ್ಲಿ ಚಿಕ್ಕ ಮಕ್ಕಳು. ಎಲ್ಲಿರಬೇಕು, ದುಡ್ಡು ಯಾರ ಕೈಲಿರಬೇಕು, ಯಾರನ್ನು ಮದುವೆಯಾಗಬಹುದು, ಎಲ್ಲದರಲ್ಲೂ ಅಧಿಕಾರಿಯ ಮಾತು. ಕುಡಿಯುವಂತಿಲ್ಲ. ಆಲ್ಬರ್ಟ್ ಮತ್ತು ಹೆಂಡತಿ ಹೆಸರು ಆ ಪಟ್ಟಿಗೆ ಸೇರಲಿಲ್ಲ, ಅಷ್ಟೇ. ಮಕ್ಕಳು, ನೆಂಟರು, ಜೊತೆಗಾರರು ಪಟ್ಟಿಯಲ್ಲೇ ಉಳಿದರು. ಅಂದರೆ ಒಂದೇ ಬಿಡಾರದಲ್ಲಿ, ಒಂದೇ ಒಲೆ ಮುಂದೆ, ಇವರು ರಮ್ ಕೊಳ್ಳಬಹುದು, ಪಕ್ಕದಲ್ಲಿ ಕೂತ ನೆಂಟನಿಗೆ ಕೊಟ್ಟರೆ ಅಪರಾಧ. ಇದ್ದುದನ್ನು ಹಂಚಿಕೊಳ್ಳುವುದು ಅರಂಟೆ ಕಟ್ಟಳೆ. ಅದನ್ನು ಮೀರಿದರೆ ನೆಂಟಸ್ತಿಕೆ ಮುರಿದ ಹಾಗೆ, ಪಾಲಿಸಿದರೆ ಸರ್ಕಾರದ ಕಾನೂನು ಮುರಿದ ಹಾಗೆ.

1958ರಲ್ಲಿ ಬಿಡಾರದಲ್ಲಿ ಒಬ್ಬ ಹೆಣ್ಣುಮಗಳ ಕೊಲೆಯಾಯಿತು. ಆ ಗಲಾಟೆಯ ನಡುವೆ, ಜೊತೆಗಾರ ಕಲಾವಿದನೊಬ್ಬನ ಕೈಗೆ ಮದ್ಯ ಸಿಗುವ ಹಾಗೆ ಮಾಡಿದರು ಅಂತ ಆಲ್ಬರ್ಟ್ ಮೇಲೆ ಕೇಸು ಹಾಕಿದರು. ಆರು ತಿಂಗಳ ಶಿಕ್ಷೆ ಆಯಿತು. ದೇಶದಲ್ಲೆಲ್ಲ ಜನ ಸಿಟ್ಟಾದರು. ಮೇಲ್ಮನವಿಯಲ್ಲಿ ಅದು ಮೂರು ತಿಂಗಳಿಗೆ ಇಳಿಯಿತು. ಹೈಕೋರ್ಟ್ ಮುಂದಿನ ಮನವಿ ಕೇಳಲಿಲ್ಲ. ಕೊನೆಗೆ ಜೈಲಿಗಲ್ಲ, ಪಪುನ್ಯಾದಲ್ಲಿ ಬಯಲು ಬಂಧನಕ್ಕೆ ಕಳಿಸಿದರು. ಹೌದು, ಹನ್ನೆರಡು ವರ್ಷದ ಮೇಲೆ ಚುಕ್ಕೆ ಚಿತ್ರ ಹುಟ್ಟಿದ ಅದೇ ಜಾಗ. ಎರಡು ತಿಂಗಳ ಮೇಲೆ ಬಿಟ್ಟರು. ಹೊರಗೆ ಬಂದವರಲ್ಲಿ ಮೊದಲಿನ ಕಸುವು ಇರಲಿಲ್ಲ. 1959ರ ಆಗಸ್ಟ್ 8ರಂದು ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೃದಯದ ಕಾಯಿಲೆ, ಜೊತೆಗೆ ನ್ಯುಮೋನಿಯಾ. ವಯಸ್ಸು 57.

ಮಗಳಿಗೆ ಇನ್ನೊಂದು ಸಂಗತಿ ಹೇಳಿ. 1956ರಲ್ಲಿ ವಿಲಿಯಂ ಡಾರ್ಗಿ ಬರೆದ ಆಲ್ಬರ್ಟ್ ಅವರ ಭಾವಚಿತ್ರಕ್ಕೆ ಆಸ್ಟ್ರೇಲಿಯಾದ ದೊಡ್ಡ ಕಲಾ ಪ್ರಶಸ್ತಿ ಆರ್ಚಿಬಾಲ್ಡ್ ಬಂತು. 2020ರಲ್ಲಿ ಅದೇ ಪ್ರಶಸ್ತಿಯನ್ನು ವಿನ್ಸೆಂಟ್ ನಮಾಟ್ಜಿರಾ ಗೆದ್ದರು. ಆಲ್ಬರ್ಟ್ ಅವರ ಮರಿಮಗ. ಆ ಪ್ರಶಸ್ತಿ ಗೆದ್ದ ಮೊದಲ ಮೂಲನಿವಾಸಿ ಕಲಾವಿದ. ಅಜ್ಜನ ಅಪ್ಪನನ್ನು ಬೇರೆಯವರು ಬರೆದರು, ಮರಿಮಗನ ಕೈಗೆ ಕುಂಚವೇ ಬಂತು.

ಈಗ ನಿಮ್ಮ ಹಾಳೆಗೆ ಬರೋಣ. 40 ಡಾಲರಿಗೆ ಸಿಕ್ಕಿದ್ದು ಅಂದಾಗ ನನ್ನ ಮೊದಲ ಊಹೆ, ಇದು ಅಚ್ಚು. ಬೇಜಾರು ಮಾಡಿಕೊಳ್ಳಬೇಡಿ. 1950, 60ರ ದಶಕದಲ್ಲಿ ಲೆಜೆಂಡ್ ಪ್ರೆಸ್ ಎಂಬ ಸಂಸ್ಥೆ ಇವರ ಚಿತ್ರಗಳನ್ನು ಅಚ್ಚು ಹಾಕಿ ಊರೂರಿಗೆ ಮಾರಿತು. ನಮ್ಮಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಮನೆಮನೆಯಲ್ಲಿ ಇದ್ದ ಹಾಗೆ, ಇಲ್ಲಿನ ಹಾಲ್‌ಗಳಲ್ಲಿ, ಶಾಲೆಗಳಲ್ಲಿ ನಮಾಟ್ಜಿರಾ ಬೆಟ್ಟ ಇರುತ್ತಿತ್ತು. ಅಚ್ಚಿನಲ್ಲಿ ಸಹಿಯೂ ಅಚ್ಚಾಗಿರುತ್ತದೆ. ಸಹಿ ಇದೆ ಅಂದ ಮಾತ್ರಕ್ಕೆ ಏನೂ ಆಗಲಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತನ್ನಿ. ಅಂಚೆಚೀಟಿ ಸಂಗ್ರಹಿಸುವವರು ಇಟ್ಟುಕೊಳ್ಳುವಂಥದ್ದು ಸಾಕು. ಗಾಜಿನ ಮೇಲಿಂದಲೇ, ಬೆಟ್ಟವೂ ಆಕಾಶವೂ ಸೇರುವ ಗೆರೆಯನ್ನು ನೋಡಿ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಲೆಕ್ಕ ಹಾಕಿ ಇಟ್ಟಂತೆ ಸಾಲಾಗಿ ಕಂಡರೆ ಅದು ಅಚ್ಚು. ಅಲ್ಲಿಗೆ ಪ್ರಶ್ನೆ ಮುಗಿಯಿತು. ಕೈಯಲ್ಲಿ ಬರೆದ ಜಲವರ್ಣವಾದರೆ ಚುಕ್ಕೆ ಇರುವುದಿಲ್ಲ. ಬಣ್ಣದ ನೀರು ಒಣಗುವಾಗ ಅಂಚಿಗೆ ಹರಿದು ಅಲ್ಲಿ ಗಾಢವಾದ ಸಣ್ಣ ಗೆರೆಯಾಗಿ ನಿಲ್ಲುತ್ತದೆ. ಮೇಜಿನ ಮೇಲೆ ಕಾಫಿ ಲೋಟದ ಉಂಗುರ ಉಳಿಯುತ್ತಲ್ಲ, ಅದೇ ಲೆಕ್ಕ. ಕಾಗದದ ತಗ್ಗುಗಳಲ್ಲಿ ಬಣ್ಣದ ಪುಡಿ ಕೂತಿರುತ್ತದೆ, ಉಬ್ಬಿನಲ್ಲಿ ಕಮ್ಮಿ ಇರುತ್ತದೆ. ಕೆಲವು ಕಡೆ ಬಣ್ಣದ ಅಡಿಯಲ್ಲಿ ಪೆನ್ಸಿಲ್ ಗೆರೆ ಇಣುಕುತ್ತದೆ. ಆಮೇಲೆ ಆ ಬಿಳಿ ಮರ ನೋಡಿ. ಘೋಸ್ಟ್ ಗಮ್ ಅದು, ನಮ್ಮ ನೀಲಗಿರಿ ಮರದ ಬಳಗ. ಜಲವರ್ಣದಲ್ಲಿ ಇಂಥ ಬಿಳಿಯನ್ನು ಹೆಚ್ಚಾಗಿ ಬಳಿಯುವುದಿಲ್ಲ, ಕಾಗದವನ್ನೇ ಖಾಲಿ ಬಿಡುತ್ತಾರೆ. ಸುತ್ತಲಿನ ನೀಲಿ, ನೇರಳೆ ಕಾಂಡದ ಅಂಚಿಗೆ ಬಂದು ಹೇಗೆ ನಿಂತಿದೆ ನೋಡಿ. ಕೈ ಎಲ್ಲಿ ತಡೆಯಿತು, ಎಲ್ಲಿ ಜಾರಿತು, ಎಲ್ಲ ಅಲ್ಲಿ ಗೊತ್ತಾಗುತ್ತದೆ.

ಚುಕ್ಕೆ ಕಾಣಲಿಲ್ಲ ಅಂದ ಕೂಡಲೇ ಕುಣಿಯಬೇಡಿ. ಹಳೇ ಅಚ್ಚಿನ ವಿಧಾನಗಳಲ್ಲಿ ಕೆಲವು ಚುಕ್ಕೆ ಬಿಡುವುದಿಲ್ಲ, ಹುಳ ಹರಿದಂಥ ಸಣ್ಣ ಗೀರು ಬಿಡುತ್ತವೆ. ಅದನ್ನು ಗುರುತಿಸಲು ಕಣ್ಣಿಗೆ ಅಭ್ಯಾಸ ಬೇಕು.

ಕೈಯಲ್ಲಿ ಬರೆದ ಚಿತ್ರವೇ ಅಂತಾದರೆ ಆ ಮಸುಕಾದ ಮೊದಲ ಹೆಸರು ದೊಡ್ಡದಾಗುತ್ತದೆ. ನಮಾಟ್ಜಿರಾ ಅಂದರೆ ಆಲ್ಬರ್ಟ್ ಒಬ್ಬರೇ ಅಲ್ಲ. ಮಕ್ಕಳಾದ ಈನೋಸ್, ಆಸ್ಕರ್, ಈವಾಲ್ಡ್, ಕೀತ್, ಮಾರಿಸ್ ಎಲ್ಲರೂ ಜಲವರ್ಣ ಬರೆದರು. ಅದೇ ಬೆಟ್ಟ, ಅದೇ ಮರ, ಅಪ್ಪನ ಹತ್ತಿರ ಕಲಿತ ಅದೇ ಕೈ. ಇವರನ್ನೂ, ಪರೌಲ್ಟ್ಜಾ ಅಣ್ಣತಮ್ಮಂದಿರಂಥ ನೆರೆಯವರನ್ನೂ ಸೇರಿಸಿ ಹರ್ಮನ್ಸ್‌ಬರ್ಗ್ ಶೈಲಿ ಅನ್ನುತ್ತಾರೆ. ಮಕ್ಕಳ ಚಿತ್ರಕ್ಕೆ ಅಪ್ಪನ ಚಿತ್ರದಷ್ಟು ಬೆಲೆ ಬರುವುದಿಲ್ಲ. ಅದರಿಂದ ಅವು ನಕಲಿ ಆಗುವುದಿಲ್ಲ. ಈವಾಲ್ಡ್ ಹೆಸರು ಕಂಡರೆ ಸಂತೋಷದಿಂದ ಇಟ್ಟುಕೊಳ್ಳಿ. ಆಲ್ಬರ್ಟ್ ಕೂಡ ಮೊದಮೊದಲು ಬರೀ 'ಆಲ್ಬರ್ಟ್' ಅಂತ ಸಹಿ ಹಾಕುತ್ತಿದ್ದರು. ಅಪ್ಪನ ಹೆಸರಾದ ನಮಾಟ್ಜಿರಾ ಸೇರಿಸಿದ್ದು ಆಮೇಲೆ. ಹಾಗಾಗಿ ಪೂರ್ತಿ ಹೆಸರಿಲ್ಲದ ಸಹಿ ಕಂಡರೆ ಸುಳ್ಳು ಅನ್ನಬೇಕಾಗಿಲ್ಲ. ಪೂರ್ತಿ ಹೆಸರಿದೆ ಅಂತ ನಂಬಿಬಿಡಬೇಕಾಗಿಯೂ ಇಲ್ಲ, ಬೆಲೆ ಇರುವ ಹೆಸರಿಗೆ ಸುಳ್ಳು ಸಹಿ ಹಾಕುವವರು ಎಲ್ಲ ಕಾಲಕ್ಕೂ ಇದ್ದಾರೆ.

ಒಂದು ಕೆಲಸ ಮಾತ್ರ ಮಾಡಬೇಡಿ. ಫ್ರೇಮನ್ನು ನೀವೇ ಬಿಚ್ಚಬೇಡಿ. ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಎಳೆದ ತಕ್ಷಣ ಬಣ್ಣ ಗಾಜಿನ ಜೊತೆ ಬರುತ್ತದೆ. ಹಿಂಬದಿಯ ಹಳೇ ಕಾಗದ, ಅಂಗಡಿಯ ಚೀಟಿ, ಪೆನ್ಸಿಲಿನಲ್ಲಿ ಬರೆದ ಊರಿನ ಹೆಸರು, ಇವೆಲ್ಲ ಸಾಕ್ಷಿ. ಹರಿದು ಬಿಸಾಡಿದರೆ ಮತ್ತೆ ಸಿಗುವುದಿಲ್ಲ. ಒಮ್ಮೆ ನನ್ನ ಮೇಜಿಗೆ ಬಂದ ಜಲವರ್ಣ ಒಂದನ್ನು ಫ್ರೇಮ್ ಹಾಕುವವರೊಬ್ಬರು 'ನೀಟಾಗಿ ಕಾಣಲಿ' ಅಂತ ರಟ್ಟಿಗೆ ಪೂರ್ತಿ ಅಂಟು ಬಳಿದು ಮೆತ್ತಿದ್ದರು. ಅಂಚು ಸೊಟ್ಟ ಇದೆ ಅಂತ ಕೆಳಗಿನ ಒಂದು ಬೆರಳು ಅಗಲ ಕತ್ತರಿಸಿದ್ದರು. ಸಹಿಯ ಅರ್ಧ ಆ ಚೂರಿನ ಜೊತೆ ಕಸಕ್ಕೆ ಹೋಗಿತ್ತು. ಅಂಟು ಬಿಡಿಸಲು ಹನ್ನೊಂದು ದಿನ ಹಿಡಿಯಿತು. ಸಹಿ ವಾಪಸ್ ಬರಲಿಲ್ಲ.

ಮುಂದಿನ ದಾರಿ ಏನು? ಅಚ್ಚು ಅಂತ ಖಾತ್ರಿಯಾದರೆ ಖರ್ಚು ಮಾಡಬೇಡಿ, ಇಷ್ಟವಾದ ಕಡೆ ನೆರಳಿನಲ್ಲಿ ಹಾಕಿಕೊಳ್ಳಿ. ಕೈಯಲ್ಲಿ ಬರೆದದ್ದು ಅನ್ನಿಸಿದರೆ, ಆಸ್ಟ್ರೇಲಿಯಾದ ಕಲೆ ಮಾರುವ ದೊಡ್ಡ ಹರಾಜು ಸಂಸ್ಥೆಗಳಿಗೆ ಮುಂಭಾಗ, ಹಿಂಭಾಗ, ಸಹಿ ಮೂರರ ಫೋಟೋ ಕಳಿಸಿ. ಮೊದಲ ಅಭಿಪ್ರಾಯಕ್ಕೆ ಹೆಚ್ಚಿನವರು ದುಡ್ಡು ಕೇಳುವುದಿಲ್ಲ. ಒಬ್ಬರ ಮಾತಿಗೆ ನಿಲ್ಲಬೇಡಿ. ನೋಡಿದವರೇ 'ನಾನೇ ಕೊಳ್ಳುತ್ತೇನೆ, ಇಲ್ಲೇ ನಗದು' ಅಂದರೆ ಚಿತ್ರ ಎತ್ತಿಕೊಂಡು ಮನೆಗೆ ಬನ್ನಿ. ಆಲ್ಬರ್ಟ್ ಅವರ ಒಳ್ಳೆಯ ಚಿತ್ರಕ್ಕೆ ಹತ್ತಾರು ಸಾವಿರ ಡಾಲರ್ ಬರುತ್ತದೆ. ಆದರೆ ಬಣ್ಣ ಮಾಸಿದ್ದರೆ, ಚಿತ್ರ ಎಲ್ಲಿಂದ ಬಂತು ಅನ್ನುವುದಕ್ಕೆ ದಾಖಲೆ ಇಲ್ಲದಿದ್ದರೆ ಆ ಲೆಕ್ಕ ತಲೆಕೆಳಗಾಗುತ್ತದೆ. ಮುಂದೆ ಮಾರುವ ಯೋಚನೆ ಬಂದರೆ ಇದೂ ಗೊತ್ತಿರಲಿ: ಆಸ್ಟ್ರೇಲಿಯಾದಲ್ಲಿ 2010ರಿಂದ, 1,000 ಡಾಲರ್ ಅಥವಾ ಅದಕ್ಕೂ ಮೇಲ್ಪಟ್ಟ ಬೆಲೆಗೆ ಕಲಾಕೃತಿ ವ್ಯಾಪಾರಿಗಳ ಮೂಲಕ ಮರುಮಾರಾಟವಾದರೆ, ಹೆಚ್ಚಿನ ಸಂದರ್ಭಗಳಲ್ಲಿ ಶೇ 5 ಕಲಾವಿದರಿಗೋ ಅವರ ವಾರಸುದಾರರಿಗೋ ಹೋಗಬೇಕು.

ಕಾರ್ಡ್ ವಿಷಯದಲ್ಲಿ ನನ್ನ ಉತ್ತರ: ಕೇಳದೆ ಮಾಡಬೇಡಿ. ಚಿತ್ರ ನಿಮ್ಮದಿರಬಹುದು, ಅದನ್ನು ಅಚ್ಚು ಹಾಕುವ ಹಕ್ಕು ನಿಮ್ಮದಲ್ಲ. ಬೇರೆಯವರಾಗಿದ್ದರೆ ಇಷ್ಟು ಹೇಳಿ ಬಿಡುತ್ತಿದ್ದೆ. ನಮಾಟ್ಜಿರಾ ವಿಷಯದಲ್ಲಿ ಈ ಹಕ್ಕು ಅನ್ನುವುದೇ ಒಂದು ದೊಡ್ಡ ಗಾಯ. 1957ರಲ್ಲಿ ಅವರು ಲೆಜೆಂಡ್ ಪ್ರೆಸ್ ಜೊತೆ ಒಪ್ಪಂದ ಮಾಡಿಕೊಂಡರು. ಅಚ್ಚಿನಿಂದ ಬರುವ ಹಣದಲ್ಲಿ ಒಂದು ಪಾಲು ಅವರಿಗೆ. ಅವರು ಹೋದ ಮೇಲೆ ಆಸ್ತಿ ನೋಡಿಕೊಳ್ಳುವ ಕೆಲಸ ಸರ್ಕಾರದ ಟ್ರಸ್ಟಿ ಕೈಗೆ ಬಂತು. 1983ರಲ್ಲಿ ಆ ಟ್ರಸ್ಟಿ, ಮನೆಯವರನ್ನು ಕೇಳದೆ, ಪೂರ್ತಿ ಹಕ್ಕನ್ನು 8,500 ಡಾಲರಿಗೆ ಲೆಜೆಂಡ್ ಪ್ರೆಸ್‌ಗೆ ಮಾರಿಬಿಟ್ಟ. ಅಲ್ಲಿಂದ ಮೂವತ್ತಕ್ಕೂ ಹೆಚ್ಚು ವರ್ಷ ಅಜ್ಜನ ಚಿತ್ರ ಎಲ್ಲೇ ಅಚ್ಚಾದರೂ ಮೊಮ್ಮಕ್ಕಳಿಗೆ ಬಿಡಿಗಾಸು ಬರಲಿಲ್ಲ. ಪುಸ್ತಕಗಳಲ್ಲಿ ಆ ಚಿತ್ರಗಳು ಬರುವುದೂ ಕಮ್ಮಿಯಾಯಿತು. ಕುಟುಂಬದವರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2017ರ ಅಕ್ಟೋಬರ್‌ನಲ್ಲಿ, ಉದ್ಯಮಿ ಡಿಕ್ ಸ್ಮಿತ್ ಮಧ್ಯಸ್ಥಿಕೆ ವಹಿಸಿ, ಹಕ್ಕು ನಮಾಟ್ಜಿರಾ ಲೆಗಸಿ ಟ್ರಸ್ಟ್‌ಗೆ ಒಂದು ಡಾಲರಿಗೆ ವಾಪಸ್ ಬಂತು. ಕಲಾವಿದರು ತೀರಿಕೊಂಡು 70 ವರ್ಷದವರೆಗೆ ಆಸ್ಟ್ರೇಲಿಯಾದಲ್ಲಿ ಹಕ್ಕು ಉಳಿಯುತ್ತದೆ. ಅಂದರೆ 2029ರ ಕೊನೆಯವರೆಗೆ. ಅಷ್ಟು ಕಾದು ಪಡೆದಿದ್ದು ಅವರ ಕೈಯಲ್ಲಿರುವುದು ಇನ್ನು ಕೆಲವೇ ವರ್ಷ.

ಭಾರತದಲ್ಲಿ ಲೆಕ್ಕ 60 ವರ್ಷ, ಅಲ್ಲಿ ಅದು 2019ಕ್ಕೇ ಮುಗಿಯಿತು. ಊರಿನಲ್ಲೇ ಅಚ್ಚು ಹಾಕಿಸಿದರೆ ಕಾನೂನು ಅಡ್ಡ ಬರಲಿಕ್ಕಿಲ್ಲ ಅಂತ ಯಾರಾದರೂ ಹೇಳಿಯಾರು. ಆದರೆ ಆ ಕಾರ್ಡ್ ಮಾರುವುದು ಅಡಿಲೇಡ್‌ನಲ್ಲಿ. ಟ್ರಸ್ಟ್‌ಗೆ ಒಂದು ಪತ್ರ ಬರೆಯಿರಿ. ಕನ್ನಡ ಸಂಘದವರು, ಹೀಗೊಂದು ಹಬ್ಬಕ್ಕೆ, ಇಷ್ಟು ಕಾರ್ಡ್ ಅಂತ. ಶುಲ್ಕ ಹೇಳಿದರೆ ಕೊಡಿ. ಅದು ಕಷ್ಟ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಆಲಿಸ್ ಸ್ಪ್ರಿಂಗ್ಸ್‌ನ ಇಲ್ಟ್ಜಾ ನ್ಟ್ಜಾರಾ ಕಲಾಕೇಂದ್ರದಲ್ಲಿ ಆಲ್ಬರ್ಟ್ ಅವರ ವಂಶದವರು, ನೆಂಟರು ಇವತ್ತಿಗೂ ಅದೇ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆಯುತ್ತಾರೆ. ಅವರಿಂದ ಒಂದು ಸಣ್ಣ ಚಿತ್ರ ಕೊಂಡು, ಬರೆದವರ ಒಪ್ಪಿಗೆ ಪಡೆದು ಕಾರ್ಡ್ ಮಾಡಿ. ದುಡ್ಡು ನೇರ ಅವರಿಗೆ ಹೋಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೇ ಮಾಡುತ್ತಿದ್ದೆ.

ಊರಿಗೆ ಒಯ್ಯುವುದರಲ್ಲಿ ಎರಡು ತೊಡಕು. ಅಚ್ಚಾದರೆ ಸುಮ್ನೆ ಬಟ್ಟೆ ನಡುವೆ ಇಟ್ಟು ತನ್ನಿ. ಅಸಲಿಯಾದರೆ, ಹಳೆಯದೂ ಬೆಲೆಬಾಳುವುದೂ ಆದ ಮೂಲನಿವಾಸಿ ಕಲಾಕೃತಿ ದೇಶ ಬಿಡಲು 1986ರ ಸಾಂಸ್ಕೃತಿಕ ಪರಂಪರೆ ರಕ್ಷಣೆ ಕಾನೂನಿನ ಅಡಿ ಅನುಮತಿ ಬೇಕಾಗಬಹುದು. ಕೇಂದ್ರ ಸರ್ಕಾರದ ಕಲಾ ಇಲಾಖೆಗೆ ಮೊದಲೇ ಅರ್ಜಿ ಹಾಕಿ ಕೇಳಿ. ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಚಿತ್ರವೂ ಹೋಗುತ್ತದೆ, ಕೇಸೂ ಬೀಳುತ್ತದೆ. ಎರಡನೆಯದು ಮಳೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವರ್ಷಕ್ಕೆ ಸುಮಾರು 280 ಮಿಲಿಮೀಟರ್ ಮಳೆ. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ 7,000 ಮಿಲಿಮೀಟರಿನ ಆಸುಪಾಸು. ಗಾಳಿಯ ತೇವ ಶೇ 65 ದಾಟಿ ನಿಂತರೆ ಕಾಗದಕ್ಕೆ ಬೂಷ್ಟು ಹತ್ತುತ್ತದೆ. ಮಲೆನಾಡಿನ ಆಷಾಢದಲ್ಲಿ ಹಪ್ಪಳವೇ ಗರಿಗರಿಯಾಗಿ ಉಳಿಯಲ್ಲ, ಇನ್ನು ಎಪ್ಪತ್ತು ವರ್ಷದ ಕಾಗದ ಹೇಗೆ ತಡೆದೀತು? ಒಯ್ಯಲೇಬೇಕು ಅಂದರೆ ಆಮ್ಲ ಇಲ್ಲದ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಕೂರಿಸುವ ರಟ್ಟು, ಹಾಕಿಸಿ, ಫ್ರೇಮಿನ ಹಿಂಬದಿಯನ್ನು ತೇವ ಹೋಗದಂತೆ ಮುಚ್ಚಿಸಿ. ಹೊರಗೋಡೆಗೆ ತೂಗುಹಾಕಬೇಡಿ, ಮಳೆನೀರು ಆ ಗೋಡೆಯನ್ನೇ ಕುಡಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಇಳಿಸಿ, ತೇವ ಹೀರುವ ಸಿಲಿಕಾ ಹರಳುಗಳ ಜೊತೆ ಗಾಳಿ ಆಡದ ಪೆಟ್ಟಿಗೆಯಲ್ಲಿ ಇಡಿ, ಆ ಹರಳುಗಳನ್ನು ಆಗಾಗ ಒಣಗಿಸಿ.

ಕೊನೆಗೆ ಆ ಪಶ್ಚಿಮದ ಕಿಟಕಿ. ಜಲವರ್ಣಕ್ಕೆ ವಸ್ತುಸಂಗ್ರಹಾಲಯಗಳು ಕೊಡುವ ಬೆಳಕು 50 ಲಕ್ಸ್. ಓದಲು ಸ್ವಲ್ಪ ಕಷ್ಟವಾಗುವಷ್ಟು ಮಬ್ಬು. ಅದೂ ಕೆಲವು ತಿಂಗಳು ಮಾತ್ರ, ಆಮೇಲೆ ಕತ್ತಲಲ್ಲಿ ವಿಶ್ರಾಂತಿ. ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಹತ್ತಾರು ಸಾವಿರ ಲಕ್ಸ್. ನೇರಳೆ ಬೆಟ್ಟದಲ್ಲಿ ಕೆಂಪೂ ನೀಲಿಯೂ ಇರುತ್ತದೆ ಅಂದೆನಲ್ಲ. ಆ ಕೆಂಪು ಅಲಿಜರಿನ್ ಥರದ್ದಾದರೆ ಮೊದಲು ಹಾರಿಹೋಗುವುದು ಅದೇ. ಬೆಟ್ಟ ವರ್ಷ ಕಳೆದಂತೆ ತಣ್ಣಗೆ ನೀಲಿಯಾಗುತ್ತದೆ. ಇಂಥ ಚಿತ್ರಗಳ ಫ್ರೇಮ್ ಬಿಚ್ಚಿದಾಗ ಮೌಂಟಿನ ಕೆಳಗೆ ಮುಚ್ಚಿಹೋಗಿದ್ದ ಅರ್ಧ ಸೆಂಟಿಮೀಟರ್ ಅಂಚಿನಲ್ಲಿ ಮೊದಲಿನ ಬಣ್ಣ ಹಾಗೇ ಉಳಿದಿರುತ್ತದೆ. ಉಳಿದ ಬೆಟ್ಟ ಒಂದು ಬಣ್ಣ, ಆ ಅಂಚು ಇನ್ನೊಂದು. ಹೋದ ಬಣ್ಣವನ್ನು ನಾವು ಯಾರೂ ವಾಪಸ್ ತರಲಾರೆವು. ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿಸಿದರೂ ಅದು ಸವೆತವನ್ನು ನಿಧಾನ ಮಾಡುತ್ತದೆ ಅಷ್ಟೇ, ನಿಲ್ಲಿಸುವುದಿಲ್ಲ. ಮನೆಯ ಒಳಗಿನ ಓಣಿ, ಕಿಟಕಿ ಇಲ್ಲದ ಗೋಡೆ, ಅದು ಸರಿಯಾದ ಜಾಗ.

ಮಗಳು ಮಾತಾಡುವ ಮುಂಚೆ ಒಂದು ಶನಿವಾರ ನಾರ್ತ್ ಟೆರೇಸ್‌ನ ಗ್ಯಾಲರಿಗೆ ಕರೆದುಕೊಂಡು ಹೋಗಿ. ಜಲವರ್ಣಗಳನ್ನು ಸದಾ ಗೋಡೆಯ ಮೇಲೆ ಇಡುವುದಿಲ್ಲ. ಅದಕ್ಕೆ ಮೊದಲು ಫೋನ್ ಮಾಡಿ, 1939ರಲ್ಲಿ ಕೊಂಡ ನಮಾಟ್ಜಿರಾ ಈಗ ನೋಡಲು ಸಿಗುತ್ತದಾ ಅಂತ ಕೇಳಿ. ಸಿಕ್ಕರೆ ಅವಳನ್ನು ಅದರ ಹತ್ತಿರ ನಿಲ್ಲಿಸಿ, ಬೆಟ್ಟದ ನೆತ್ತಿಯಲ್ಲಿ ಬಣ್ಣದ ನೀರು ಒಣಗಿ ನಿಂತ ಗೆರೆ ಕಾಣುತ್ತದಾ ನೋಡಲು ಹೇಳಿ. ಮನೆಗೆ ಬಂದು ಭೂತಗನ್ನಡಿಯನ್ನು ಅವಳ ಕೈಗೇ ಕೊಡಿ. ಆ ಮಸುಕಾದ ಹೆಸರನ್ನು ಅವಳೇ ಓದಲಿ.